ವಿದ್ಯಾವೇತನದ ಗೆರೆ, ತೆರಿಗೆಯ ಗೆರೆ

‘ವಿದ್ಯೆ ಕಳ್ಳರು ಕದಿಯಲಾರದ ಧನ’ ಎಂಬ ಮಾತನ್ನು ನಾವು ಪ್ರತಿ ವರ್ಷವೂ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಯಾರಾದರೊಬ್ಬ ಅತಿಥಿಗಳ ಬಾಯಿಂದ ಕೇಳುತ್ತೇವೆ. ಕೇಳಿ ಚಪ್ಪಾಳೆ ತಟ್ಟುತ್ತೇವೆ. ಮಾತು ನಿಜವೇ. ಆದರೆ ಕದಿಯಲಾರದ ಈ ಧನವನ್ನು ಗಳಿಸುವುದಕ್ಕೆ ಕದಿಯಬಹುದಾದ ಧನವೂ ಸ್ವಲ್ಪ ಬೇಕಾಗುತ್ತದೆ ಎಂಬುದನ್ನು ವೇದಿಕೆಯ ಮೇಲಿಂದ ಯಾರೂ ಹೇಳುವುದಿಲ್ಲ. ಅದನ್ನು ಬಲ್ಲವರು ನಮ್ಮ ತಂದೆತಾಯಿಗಳು. ಅವರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲೇಜಿಗೆ ಸೇರುವ ತಿಂಗಳು ಬಂದಾಗ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ, ಅಷ್ಟೆ. ಓದಿನ ಖರ್ಚಿನಲ್ಲಿ ಸರ್ಕಾರ ಯಾರಿಗೆ ಕೈ ನೀಡುತ್ತದೆ, ಯಾರಿಗೆ ನೀಡುವುದಿಲ್ಲ, ‘ಅರ್ಹತೆ’ ಎಂಬ ಗೆರೆಯನ್ನು ಎಲ್ಲಿ ಎಳೆದಿದೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ಬಿ.ಎ. ವಿದ್ಯಾರ್ಥಿ, ಲೆಕ್ಕದಲ್ಲಿ ಪಂಡಿತನಲ್ಲ. ಆದರೆ ಈ ಲೆಕ್ಕಕ್ಕೆ ಕೂಡುವುದು, ಗುಣಿಸುವುದು ಬಂದರೆ ಸಾಕು.

ಮೊದಲು ಖರ್ಚನ್ನು ನೋಡೋಣ. ನಮ್ಮದು ಸರ್ಕಾರಿ ಕಲಾ ಕಾಲೇಜು. ಇಲ್ಲಿಯ ಬೋಧನಾ ಶುಲ್ಕ ಖಾಸಗಿ ಕಾಲೇಜುಗಳ ಶುಲ್ಕದ ಮುಂದೆ ಏನೇನೂ ಅಲ್ಲ. ಆದರೆ ಶುಲ್ಕವೊಂದೇ ಖರ್ಚಲ್ಲ. ಹೊಳಲ್ಕೆರೆಯಿಂದ ದುರ್ಗಕ್ಕೆ ಸುಮಾರು ೩೫ ಕಿಲೋಮೀಟರು, ಹಿರಿಯೂರಿನಿಂದ ಸುಮಾರು ೪೦, ಹೊಸದುರ್ಗದಿಂದ ೬೦ರ ಹತ್ತಿರ. ತಾಲ್ಲೂಕು ಕೇಂದ್ರದಿಂದ ಆಚೆಗೆ ಹಳ್ಳಿಯ ತನಕ ಇರುವ ದಾರಿಯನ್ನು ಇದರಲ್ಲಿ ಸೇರಿಸಿಲ್ಲ. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ನಮ್ಮ ಸಹೋದರಿಯರಿಗೆ ಎಷ್ಟೋ ಅನುಕೂಲವಾಗಿದೆ. ಆದರೆ ನಮ್ಮ ಜಿಲ್ಲೆಯ ಹಳ್ಳಿಗಳ ದಾರಿಯಲ್ಲಿ ಓಡುವ ಖಾಸಗಿ ಬಸ್ಸುಗಳಲ್ಲಿ ಆ ಟಿಕೀಟು ನಡೆಯುವುದಿಲ್ಲ. ಬಸ್ಸಿನಲ್ಲಿ ಓಡಾಡಲಾಗದವರು ಊರಲ್ಲಿ ಕೋಣೆ ಹಿಡಿಯಬೇಕು. ಕೋಣೆ ಹಿಡಿದರೆ ಬಾಡಿಗೆ, ಅಕ್ಕಿ, ಗ್ಯಾಸು. ಇದರ ಮೇಲೆ ಪುಸ್ತಕ, ಪರೀಕ್ಷಾ ಶುಲ್ಕ, ಅರ್ಜಿ ತುಂಬಲು ಸೈಬರ್ ಅಂಗಡಿಯವನಿಗೆ ಕೊಡುವ ದುಡ್ಡು. ಶುಲ್ಕ ಮಾಫಿಯಾದ ಮಾತ್ರಕ್ಕೆ ಓದು ಬಿಟ್ಟಿಯಾಯಿತೆಂದು ತಿಳಿಯುವವರು ಹಸಿದವನಿಗೆ ಎಲೆ ಹಾಕಿ ಊಟವಾಯಿತೆಂದು ತಿಳಿದವರ ಹಾಗೆ.

ನಮ್ಮ ಜಿಲ್ಲೆಯ ಹಿರಿಯರು ಇದನ್ನು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆಸಿದಾಗ ಮೊದಲು ಕೊಟ್ಟದ್ದು ಅನ್ನ ಮತ್ತು ಸೂರು. ಓದುವ ಹುಡುಗನನ್ನು ಊರಿಗೆ ಹಿಂದಕ್ಕೆ ಕಳಿಸುವುದು ಶುಲ್ಕಕ್ಕಿಂತ ಹೆಚ್ಚಾಗಿ ಹಸಿವು ಎಂಬುದು ಅವರಿಗೆ ತಿಳಿದಿತ್ತು. ಈಗಿನ ಕಾಯಿದೆಗಳಿಗೆ ಅದು ಎಷ್ಟು ತಿಳಿದಿದೆ ಎಂಬುದನ್ನು ಇನ್ನು ನೋಡೋಣ.

ಸರ್ಕಾರ ಓದಿಗೆ ನೆರವಾಗುವ ದಾರಿಗಳು ಎರಡು. ಒಂದು, ಮಕ್ಕಳನ್ನು ಓದಿಸುವ ತಂದೆತಾಯಿಗಳ ತೆರಿಗೆಯಲ್ಲಿ ಸ್ವಲ್ಪ ಬಿಟ್ಟುಕೊಡುವುದು. ಇನ್ನೊಂದು, ವಿದ್ಯಾರ್ಥಿಯ ಕೈಗೇ ವಿದ್ಯಾವೇತನ ಕೊಡುವುದು.

ಮೊದಲನೆಯದನ್ನು ತೆಗೆದುಕೊಳ್ಳೋಣ. ೧೯೬೧ರ ಆದಾಯ ತೆರಿಗೆ ಕಾಯಿದೆಯ ೮೦ಸಿ ಕಲಮಿನಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ಆದಾಯದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಕಟ್ಟುವ ಅವಕಾಶವಿತ್ತು. ಭವಿಷ್ಯನಿಧಿ, ವಿಮೆಯ ಕಂತು ಮೊದಲಾದವೆಲ್ಲವನ್ನೂ ಸೇರಿಸಿ ಒಟ್ಟು ಮಿತಿ ವರ್ಷಕ್ಕೆ ೧.೫ ಲಕ್ಷ ರೂಪಾಯಿ. ೮೦ಇ ಕಲಮಿನಲ್ಲಿ ಉನ್ನತ ವ್ಯಾಸಂಗದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಎಂಟು ವರ್ಷಗಳ ತನಕ ಹೀಗೆಯೇ ಕಳೆಯಬಹುದಾಗಿತ್ತು. ಆ ಹಳೆಯ ಕಾಯಿದೆಯ ಬದಲಿಗೆ ಪಾರ್ಲಿಮೆಂಟು ೨೦೨೫ರಲ್ಲಿ ಹೊಸ ಕಾಯಿದೆಯನ್ನು ಮಾಡಿ ೨೦೨೬ರ ಏಪ್ರಿಲ್ ೧ರಿಂದ ಜಾರಿಯಾಗುವಂತೆ ಗೊತ್ತುಮಾಡಿತು. ಕಲಮುಗಳ ಸಂಖ್ಯೆ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಆ ತತ್ತ್ವವನ್ನು ಒಂದು ಲೆಕ್ಕದಿಂದ ತಿಳಿಯೋಣ. ಮೂವರು ತಂದೆಯರು ತಮ್ಮ ಮಕ್ಕಳಿಗಾಗಿ ತಲಾ ೨೦,೦೦೦ ರೂಪಾಯಿ ಬೋಧನಾ ಶುಲ್ಕ ಕಟ್ಟಿದರೆಂದು ಇಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಶೇಕಡ ೩೦ರ ಮೆಟ್ಟಿಲಿನಲ್ಲಿರುವ ದೊಡ್ಡ ಸಂಬಳದವರಿಗೆ ಇದರಿಂದ ೬,೦೦೦ ರೂಪಾಯಿ ತೆರಿಗೆ ಉಳಿಯುತ್ತದೆ. ಶೇಕಡ ೨೦ರ ಮೆಟ್ಟಿಲಿನಲ್ಲಿರುವವರಿಗೆ ೪,೦೦೦ ಉಳಿಯುತ್ತದೆ. ತೆರಿಗೆಯೇ ಬಾರದಷ್ಟು ಕಡಿಮೆ ವರಮಾನದವರಿಗೆ ಉಳಿಯುವುದು ಸೊನ್ನೆ. ಕಟ್ಟಿದ ಶುಲ್ಕ ಒಂದೇ. ಸರ್ಕಾರ ಬಿಟ್ಟುಕೊಟ್ಟದ್ದು ಮಾತ್ರ ಹೆಚ್ಚು ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಇಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ಇಲ್ಲಿ ಹಲ್ಲೂ ಕಡಲೆಯೂ ಒಬ್ಬನ ಮನೆಯಲ್ಲಿಯೇ ಇವೆ.

ನಮ್ಮ ತರಗತಿಯಲ್ಲಿ ಈ ರಿಯಾಯಿತಿಗೆ ಅರ್ಹರಾದ ತಂದೆತಾಯಿಗಳು ಎಷ್ಟು ಮಂದಿ ಇರಬಹುದು? ಬೇಸಾಯದ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಆದ್ದರಿಂದ ರೈತನಿಗೆ ಕಳೆಯುವುದಕ್ಕೆ ತೆರಿಗೆಯೇ ಇಲ್ಲ. ನನ್ನ ತಂದೆ ಹೊಳಲ್ಕೆರೆ ತಾಲ್ಲೂಕಿನಲ್ಲಿ ಮೂರು ಎಕರೆ ಖುಷ್ಕಿಯಲ್ಲಿ ಮೆಕ್ಕೆಜೋಳ ಬೆಳೆಯುವವರು. ‘೮೦ಸಿ’ ಎಂದರೆ ಅವರು ಅದನ್ನು ಬಸ್ಸಿನ ನಂಬರೆಂದು ತಿಳಿದಾರು. ಹಿರಿಯೂರಿನ ಕಡೆಯ ಕೂಲಿಕಾರರಿಗೂ ಹೊಸದುರ್ಗದ ಸಣ್ಣ ತೆಂಗಿನ ತೋಟದವರಿಗೂ ಅದೇ ಮಾತು. ತೆರಿಗೆ ಕಟ್ಟುವ ಕೆಲವರಿಗಾದರೂ ದೊರೆಯುವುದೆಷ್ಟು? ಕಾಯಿದೆ ಎಣಿಸುವುದು ಬೋಧನಾ ಶುಲ್ಕವನ್ನು ಮಾತ್ರ. ಬಸ್ಸು, ಕೋಣೆ, ಊಟ, ಪುಸ್ತಕ ಅದರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಓದಿಸುವವನಿಗೆ ಖರ್ಚಿರುವುದೆಲ್ಲ ಕಾಯಿದೆ ಎಣಿಸದ ಕಡೆಯಲ್ಲಿಯೇ. ಸಾಲದೆಂಬಂತೆ, ೨೦೨೩-೨೪ರಿಂದ ತಾನಾಗಿಯೇ ಅನ್ವಯಿಸುವ ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತಗಳೇ ಇಲ್ಲ. ಹಳೆಯ ಪದ್ಧತಿಯನ್ನು ಕೇಳಿ ಆರಿಸಿಕೊಂಡವರಿಗೆ ಮಾತ್ರ.

ಬೇರೆ ದೇಶದವರು ಇದನ್ನು ಬೇರೆ ರೀತಿ ಮಾಡಿದ್ದಾರೆಯೇ ಎಂದು ಕೇಳಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಲೇಜು ಓದಿನ ಮೊದಲ ನಾಲ್ಕು ವರ್ಷಗಳಿಗೆ ಒಂದು ತೆರಿಗೆ ಜಮೆಯುಂಟು. ಅದನ್ನು ಕಳೆಯುವುದು ಆದಾಯದಿಂದಲ್ಲ, ತೆರಿಗೆಯಿಂದಲೇ. ಮೊದಲ ೨,೦೦೦ ಡಾಲರು ಖರ್ಚಿಗೆ ಪೂರ್ತಿಯಾಗಿ, ಮುಂದಿನ ೨,೦೦೦ಕ್ಕೆ ಕಾಲು ಭಾಗ, ಹೀಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಹೆಚ್ಚೆಂದರೆ ೨,೫೦೦ ಡಾಲರು. ಪಠ್ಯಪುಸ್ತಕದ ಖರ್ಚೂ ಅದರಲ್ಲಿ ಸೇರುತ್ತದೆ. ಎಲ್ಲಕ್ಕಿಂತ ಗಮನಿಸತಕ್ಕದ್ದೆಂದರೆ, ಕಟ್ಟಬೇಕಾದ ತೆರಿಗೆ ಏನೂ ಇಲ್ಲದ ಸಂಸಾರಕ್ಕೂ ಅದರಲ್ಲಿ ಶೇಕಡ ೪೦ರಷ್ಟು, ಎಂದರೆ ೧,೦೦೦ ಡಾಲರಿನ ತನಕ, ನಗದಾಗಿ ಬರಬಹುದು. ವರಮಾನ ಒಂದು ಮಟ್ಟವನ್ನು ದಾಟಿದ ಮೇಲೆ ಜಮೆ ಹಂತಹಂತವಾಗಿ ಇಳಿದು ನಿಂತುಹೋಗುತ್ತದೆ. ಆ ದೇಶದ ಕಾಲೇಜು ಶುಲ್ಕ ಎಷ್ಟು ದುಬಾರಿಯೆಂಬುದು ಲೋಕಕ್ಕೇ ಗೊತ್ತು. ಅವರ ವ್ಯವಸ್ಥೆಯನ್ನೆಲ್ಲ ನಾನು ಹೊಗಳುತ್ತಿಲ್ಲ. ಆದರೆ ತೆರಿಗೆ ಕಟ್ಟಲಾರದವನೂ ಓದಿಸುವವನೇ ಎಂಬುದನ್ನು ಆ ಒಂದು ನಿಯಮ ಒಪ್ಪಿಕೊಂಡಿದೆ.

‘ನಮ್ಮಲ್ಲಿ ತೆರಿಗೆ ಕಟ್ಟದವರಿಗೆ ವಿದ್ಯಾವೇತನ ಇದೆಯಲ್ಲ’ ಎಂದು ಉತ್ತರ ಬರುತ್ತದೆ. ಇದೆ, ಅದನ್ನು ಹಗುರವಾಗಿ ಕಾಣುವ ಕೃತಘ್ನತೆ ನನ್ನದಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾವೇತನ ೧೯೪೪ರಷ್ಟು ಹಿಂದೆ ಆರಂಭವಾದದ್ದು. ಸ್ವಾತಂತ್ರ್ಯಕ್ಕಿಂತ ಹಿರಿದಾದ ಈ ಯೋಜನೆಯಿಂದ ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದನೋ ಲೆಕ್ಕವಿಲ್ಲ. ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ೨೦೨೫-೨೬ರ ತನಕದ ಐದು ವರ್ಷಗಳಿಗೆ ಇದಕ್ಕಾಗಿ ಒಟ್ಟು ೫೯,೦೪೮ ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅದರಲ್ಲಿ ಶೇಕಡ ೬೦ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ಆ ಯೋಜನೆಯಲ್ಲಿ ನಮ್ಮಂತಹ ಬಿ.ಎ. ವಿದ್ಯಾರ್ಥಿಗೆ ಶುಲ್ಕದ ಜೊತೆಗೆ ಗೊತ್ತುಮಾಡಿದ ಭತ್ಯೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ ೬,೦೦೦ ರೂಪಾಯಿ, ಮನೆಯಿಂದ ಬಂದು ಹೋಗುವವನಾದರೆ ೩,೦೦೦. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಮುನ್ನೂರು. ಚಿಕ್ಕ ಮೊತ್ತವೆಂದು ನಗುವವರು ಆ ಮುನ್ನೂರು ಇಲ್ಲದ ತಿಂಗಳನ್ನು ಕಂಡವರಲ್ಲ. ಇದರ ಮೇಲೆ ರಾಜ್ಯ ಸರ್ಕಾರ ತನ್ನದೇ ರಿಯಾಯಿತಿಗಳನ್ನೂ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಬೇರೆ ಯೋಜನೆಗಳನ್ನೂ ಇಟ್ಟಿದೆ. ಅವುಗಳ ಗೆರೆ ಬೇರೆ ಬೇರೆ.

ನನ್ನ ವಾದವಿರುವುದು ಈ ಗೆರೆಯ ಮೇಲೆಯೇ. ೨೦೧೩-೧೪ರಲ್ಲಿ ಈ ಕೇಂದ್ರ ಯೋಜನೆಯ ಆದಾಯ ಮಿತಿಯನ್ನು ೨ ಲಕ್ಷದಿಂದ ೨.೫ ಲಕ್ಷಕ್ಕೆ ಏರಿಸಿದರು. ಮರುವರ್ಷ, ೨೦೧೪-೧೫ರಲ್ಲಿ, ಆದಾಯ ತೆರಿಗೆ ಬಾರದ ಮಿತಿಯನ್ನೂ ೨ ಲಕ್ಷದಿಂದ ೨.೫ ಲಕ್ಷಕ್ಕೆ ಏರಿಸಿದರು. ಎರಡು ಗೆರೆಗಳೂ ಒಂದೇ ಜಾಗದಲ್ಲಿ ನಿಂತವು. ಅದರಲ್ಲಿ ಒಂದು ನ್ಯಾಯವಿತ್ತು: ಇಷ್ಟಕ್ಕಿಂತ ಕಡಿಮೆ ವರಮಾನದವನಿಂದ ಸರ್ಕಾರ ಕೇಳುವುದಿಲ್ಲ, ಇಷ್ಟಕ್ಕಿಂತ ಕಡಿಮೆ ವರಮಾನದವನ ಮಕ್ಕಳಿಗೆ ಸರ್ಕಾರ ಕೊಡುತ್ತದೆ. ಆಮೇಲೆ ನಡೆದದ್ದೇನು? ೨೦೧೯-೨೦ರಲ್ಲಿ ತೆರಿಗೆ ಬಾರದ ಗೆರೆ ೫ ಲಕ್ಷಕ್ಕೆ ಸರಿಯಿತು. ೨೦೨೩-೨೪ರಲ್ಲಿ, ಹೊಸ ಪದ್ಧತಿಯಲ್ಲಿ, ೭ ಲಕ್ಷಕ್ಕೆ ಸರಿಯಿತು. ೨೦೨೫-೨೬ರಲ್ಲಿ ೧೨ ಲಕ್ಷಕ್ಕೆ ಸರಿಯಿತು. ಸಂಬಳದಾರರಿಗೆ ಇನ್ನೂ ೭೫,೦೦೦ ಹೆಚ್ಚು. ವಿದ್ಯಾವೇತನದ ಗೆರೆ? ೨೦೨೫-೨೬ರ ತನಕದ ಆ ಐದು ವರ್ಷದ ಯೋಜನೆಯಲ್ಲಿಯೂ ಅದು ೨.೫ ಲಕ್ಷದಲ್ಲಿಯೇ ನಿಂತಿತು.

ಬೆಲೆಗಳು ಏರಿವೆಯೆಂದೇ ತೆರಿಗೆಯ ಗೆರೆಯನ್ನು ಸರಿಸಿದರು. ಮಧ್ಯಮ ವರ್ಗದ ಕಷ್ಟವನ್ನು ಅರಿತು ಸರಿಸಿದರು. ಸಂತೋಷ. ಆದರೆ ಪೇಟೆಯಲ್ಲಿ ಅಕ್ಕಿಯ ಬೆಲೆ ಏರಿದ್ದು ಸಂಬಳದಾರನ ಮನೆಗೆ ಮಾತ್ರವೇ? ಇನ್ನೂ ಒಂದು ಸೂಕ್ಷ್ಮವಿದೆ. ತೆರಿಗೆಯ ೧೨ ಲಕ್ಷ ಒಬ್ಬ ವ್ಯಕ್ತಿಯ ವರಮಾನ. ಗಂಡಹೆಂಡಿರಿಬ್ಬರೂ ದುಡಿದರೆ ಇಬ್ಬರಿಗೂ ಬೇರೆ ಬೇರೆ ಗೆರೆ. ವಿದ್ಯಾವೇತನದ ೨.೫ ಲಕ್ಷ ಸಂಸಾರದ ವರಮಾನ. ತಂದೆಯದನ್ನೂ ತಾಯಿಯದನ್ನೂ ಕೂಡಿಸಬೇಕು. ೧೨ ಲಕ್ಷ ಬರುವವನನ್ನು ತೆರಿಗೆ ಕೇಳಲಾಗದಷ್ಟು ಬಡವನೆಂದೂ, ಎರಡೂವರೆ ಲಕ್ಷದ ಮೇಲೆ ನೂರು ರೂಪಾಯಿ ಬರುವ ಸಂಸಾರವನ್ನು ನೆರವು ಕೊಡಲಾಗದಷ್ಟು ಸ್ಥಿತಿವಂತರೆಂದೂ ಒಂದೇ ಸರ್ಕಾರ ಒಂದೇ ವರ್ಷದಲ್ಲಿ ತೀರ್ಮಾನಿಸಿತು.

ಆ ಸ್ಥಿತಿವಂತರು ಯಾರೆಂದು ನೋಡೋಣ. ೨೦೨೫-೨೬ರಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ಕೂಲಿ ದಿನಕ್ಕೆ ೩೭೦ ರೂಪಾಯಿ. ಗಂಡಹೆಂಡಿರಿಬ್ಬರೂ ಅದೇ ದರದಲ್ಲಿ ಎಲ್ಲಾದರೂ ವರ್ಷಕ್ಕೆ ೩೦೦ ದಿನ ದುಡಿದರೆಂದುಕೊಳ್ಳಿ, ಬರುವುದು ೨,೨೨,೦೦೦. ಕೂಲಿ ದಿನಕ್ಕೆ ಐವತ್ತು ರೂಪಾಯಿ ಹೆಚ್ಚಾಗಿ ೪೨೦ ಆಯಿತೆಂದುಕೊಳ್ಳಿ, ೨,೫೨,೦೦೦. ಗೆರೆ ದಾಟಿತು! ಹಾರೆ ಗುದ್ದಲಿ ಹಿಡಿದು ಇಬ್ಬರು ವರ್ಷವಿಡೀ ರಜೆಯಿಲ್ಲದೆ ದುಡಿದರೆ ಈ ಲೆಕ್ಕದಲ್ಲಿ ಅವರು ಉಳ್ಳವರಾಗುತ್ತಾರೆ. ಹೊಸದುರ್ಗದ ನನ್ನ ಸ್ನೇಹಿತನೊಬ್ಬನ ತಂದೆಗೆ ಒಂದು ಖಾಸಗಿ ಕೆಲಸದಲ್ಲಿ ತಿಂಗಳಿಗೆ ೨೧,೦೦೦ ಸಂಬಳ. ಹನ್ನೆರಡರಿಂದ ಗುಣಿಸಿದರೆ ಮತ್ತೆ ಅದೇ ೨,೫೨,೦೦೦. ಮೇಲಿನ ಎರಡು ಸಾವಿರಕ್ಕಾಗಿ ಆ ಮನೆ ಈ ಯೋಜನೆಯಿಂದ ಹೊರಗೆ ನಿಂತಿತು. ಆ ತಂದೆಗೆ ತೆರಿಗೆಯೂ ಬರುವುದಿಲ್ಲ. ಆದ್ದರಿಂದ ತೆರಿಗೆಯ ರಿಯಾಯಿತಿಯೂ ಇಲ್ಲ. ಎರಡು ಗೆರೆಗಳ ನಡುವೆ ಬಿದ್ದವರೆಂದರೆ ಇವರೇ. ಅತ್ತ ದರಿ, ಇತ್ತ ಪುಲಿ.

ಗೆರೆ ದಾಟಿದವನ ಗತಿಯಲ್ಲಿಯೂ ಭೇದವಿದೆ. ೧೨ ಲಕ್ಷದ ಗೆರೆಯನ್ನು ದಾಟಿ ೧೨,೧೦,೦೦೦ ವರಮಾನ ಬಂದವನಿಗೆ ಮೆಟ್ಟಿಲುಗಳ ಲೆಕ್ಕದಂತೆ ೬೧,೫೦೦ ರೂಪಾಯಿ ತೆರಿಗೆ ಬರಬೇಕು. ಹತ್ತು ಸಾವಿರ ಹೆಚ್ಚು ಗಳಿಸಿದ ತಪ್ಪಿಗೆ ಅಷ್ಟು ಕಟ್ಟುವುದು ಅನ್ಯಾಯವೆಂದು ಕಾಯಿದೆಯೇ ಅಂಚಿನ ರಿಯಾಯಿತಿಯೊಂದನ್ನು ಕೊಟ್ಟಿದೆ: ಮಿತಿಗಿಂತ ಎಷ್ಟು ಹೆಚ್ಚು ಗಳಿಸಿದನೋ ಅಷ್ಟಕ್ಕಿಂತ ಹೆಚ್ಚು ತೆರಿಗೆಯಿಲ್ಲ, ೧೦,೦೦೦ ಕಟ್ಟಿದರೆ ಸಾಕು. ಎಷ್ಟು ವಿವೇಕದ ನಿಯಮ! ಇದೇ ವಿವೇಕ ವಿದ್ಯಾರ್ಥಿಯ ಮಟ್ಟಿಗೆ ಏಕಿಲ್ಲ? ತೆರಿಗೆದಾರನಿಗೆ ಗೆರೆಯ ಆಚೆ ಇಳಿಜಾರಿದೆ. ವಿದ್ಯಾರ್ಥಿಗೆ ನಮ್ಮ ಏಳು ಸುತ್ತಿನ ಕೋಟೆಯ ಗೋಡೆಯಂತಹ ಗೋಡೆಯಿದೆ. ಎರಡು ಸಾವಿರ ಹೆಚ್ಚು ಬಂದರೆ ಎರಡು ಸಾವಿರ ಕಡಿಮೆ ಕೊಡಲಿ. ಇದ್ದಬದ್ದದ್ದನ್ನೆಲ್ಲ ಏಕೆ ಕಿತ್ತುಕೊಳ್ಳಬೇಕು?

ಇನ್ನು ಗೆರೆಗಳ ಸಂಖ್ಯೆ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಜಾತಿಭೇದವಿಲ್ಲದೆ ಕೇಂದ್ರ ಕೊಡುವ ವಿದ್ಯಾವೇತನಕ್ಕೆ ಗೆರೆ ೪.೫ ಲಕ್ಷ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಬಡ್ಡಿಯ ರಿಯಾಯಿತಿಗೆ ೮ ಲಕ್ಷ. ೨೦೧೯ರಲ್ಲಿ ಬಂದ ಆರ್ಥಿಕ ದುರ್ಬಲ ವರ್ಗದ ಮೀಸಲಾತಿಗೂ ೮ ಲಕ್ಷ. ವರ್ಷಕ್ಕೆ ೩ ಲಕ್ಷ ಬರುವ ಒಂದೇ ಮನೆ ಒಂದು ಕಿಟಕಿಯಲ್ಲಿ ಸಾಹುಕಾರ, ಪಕ್ಕದ ಕಿಟಕಿಯಲ್ಲಿ ಬಡವ. ಬಡತನವೆಂದರೇನೆಂದು ಸರ್ಕಾರವೇ ಒಂದು ಮನಸ್ಸು ಮಾಡಿಲ್ಲವಾದರೆ ನಮ್ಮ ತಂದೆಯವರು ಯಾವ ಕಿಟಕಿಯಲ್ಲಿ ತಮ್ಮನ್ನು ಏನೆಂದು ಹೇಳಿಕೊಳ್ಳಬೇಕು?

ಗೆರೆ ಎಲ್ಲಿಯೇ ಇರಲಿ, ಅದನ್ನು ಅಳೆಯುವ ಕೋಲು ನೆಟ್ಟಗಿರಬೇಕಲ್ಲ. ಸಂಬಳದಾರನ ವರಮಾನ ಕಾಗದದಲ್ಲಿದೆ, ರೂಪಾಯಿಯೂ ತಪ್ಪುವುದಿಲ್ಲ. ರೈತನ ವರಮಾನ ಮೋಡದಲ್ಲಿದೆ. ನಾಡಕಚೇರಿಯಿಂದ ಪಡೆಯುವ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ನಮ್ಮ ಜಿಲ್ಲೆಯ ಮಳೆ ಐದು ವರ್ಷ ಒಂದೇ ಸಮನೆ ನಡೆದದ್ದನ್ನು ಯಾರೂ ಕಂಡಿಲ್ಲ. ೨೦೨೨ರಲ್ಲಿ ಮಾರಿಕಣಿವೆ ತುಂಬಿ ಕೋಡಿ ಹರಿಯಿತು. ಮರುವರ್ಷವೇ ರಾಜ್ಯದ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಸುಗ್ಗಿಯ ವರ್ಷದಲ್ಲಿ ಬರೆದ ಅಂಕೆ ಬರದ ವರ್ಷದಲ್ಲಿಯೂ ವಿದ್ಯಾರ್ಥಿಯ ಹಣೆಗೆ ಅಂಟಿಕೊಂಡಿರುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುವುದು ಧರ್ಮ. ಕಾಗದಕ್ಕೆ ಸಿಗದ ವರಮಾನ ಬಡವನಿಗೆ ಮಾತ್ರ ಇರುವುದಿಲ್ಲ. ನೀರಾವರಿಯ ಅಡಿಕೆ ತೋಟ, ಊರಲ್ಲಿ ಬಾಡಿಗೆಯ ಮಳಿಗೆ ಇದ್ದೂ ಗೆರೆಯ ಕೆಳಗಿನ ಪ್ರಮಾಣಪತ್ರ ತರುವವರು ನಮ್ಮ ನಡುವೆ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರಾರು? ಹೊಸ ಮೋಟಾರು ಸೈಕಲ್ಲಿನಲ್ಲಿ ಬಂದು ವಿದ್ಯಾವೇತನದ ಸಾಲಿನಲ್ಲಿ ನಿಲ್ಲುವುದನ್ನು ಜಾಣತನವೆಂದು ತಿಳಿದವರಿದ್ದಾರೆ. ಸರ್ಕಾರದ ದುಡ್ಡು ತಾನೇ ಎನ್ನುತ್ತಾರೆ. ಸರ್ಕಾರದ ಹಣದ ಚೀಲಕ್ಕೂ ತಳವಿದೆ. ಅಲ್ಲಿಂದ ಅನರ್ಹನು ತೆಗೆದುಕೊಂಡದ್ದು ಹಿಂದಿನ ಬೆಂಚಿನಲ್ಲಿ ಕುಳಿತ ಕೂಲಿಕಾರರ ಮಗಳ ಪುಸ್ತಕದ ದುಡ್ಡು. ಇಂತಹವರಿರುವ ತನಕ ಅಧಿಕಾರಿಗಳು ಪ್ರತಿಯೊಬ್ಬರನ್ನೂ ಸಂಶಯದಿಂದ ನೋಡುತ್ತಾರೆ. ಆ ಸಂಶಯದ ಬಿಸಿ ತಟ್ಟುವುದು ನಿಜವಾಗಿ ಇಲ್ಲದವರಿಗೆ.

ನಮ್ಮ ರಾಜ್ಯ ಈ ಅರ್ಹತೆಯ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದ ಕಾಲವೂ ಒಂದಿತ್ತು. ಅಂದಿನ ಮೈಸೂರು ಸರ್ಕಾರದ ಮೀಸಲಾತಿ ಆಜ್ಞೆಯೊಂದನ್ನು ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದ ಮೇಲೆ, ೧೯೬೩ರ ಜುಲೈ ೨೬ರಂ‌ದು ಹೊಸದೊಂದು ಆಜ್ಞೆ ಹೊರಟಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬೆಳೆದ ಶ್ರೀ ಎಸ್. ನಿಜಲಿಂಗಪ್ಪನವರು. ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟುಗಳಲ್ಲಿ ಶೇಕಡ ೩೦ನ್ನು ಹಿಂದುಳಿದವರಿಗೆಂದು ಇಟ್ಟು, ಹಿಂದುಳಿದವರು ಯಾರೆಂಬುದಕ್ಕೆ ಎರಡು ಪ್ರಶ್ನೆ ಕೇಳಿತು ಆ ಆಜ್ಞೆ. ಸಂಸಾರದ ವರಮಾನ ವರ್ಷಕ್ಕೆ ೧,೨೦೦ ರೂಪಾಯಿಯ ಒಳಗಿದೆಯೇ? ಮನೆಯವರ ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕೈಕಸುಬು ಅಥವಾ ಮೈದುಡಿಮೆಯೇ? ೧೯೬೪ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಆಜ್ಞೆಯನ್ನು ಎತ್ತಿಹಿಡಿಯಿತು. ಜಾತಿಯನ್ನು ಬಿಟ್ಟು ಹಿಂದುಳಿದಿರುವಿಕೆಯನ್ನು ಅಳೆಯಬಹುದೇ ಎಂಬ ದೊಡ್ಡ ಚರ್ಚೆಗೆ ನಾನು ಇಲ್ಲಿ ಕೈ ಹಾಕುವುದಿಲ್ಲ. ೧೯೭೫ರ ಹಾವನೂರು ವರದಿಯ ತನಕವೂ ಅದರ ನಂತರವೂ ಅದು ನಡೆದೇ ಇದೆ. ನಾನು ಎತ್ತಿಕೊಳ್ಳುವ ಪಾಠ ಚಿಕ್ಕದು. ಅಂಕೆಯ ಜೊತೆಗೆ ಕಸುಬನ್ನೂ ಕೇಳಿದ ಸರ್ಕಾರ ಮನೆಯೊಳಕ್ಕೆ ಸ್ವಲ್ಪವಾದರೂ ಇಣುಕಿ ನೋಡಿತ್ತು. ಬರಿಯ ಅಂಕೆ ಹೊಸಿಲಲ್ಲಿಯೇ ನಿಂತುಬಿಡುತ್ತದೆ.

ಈ ಮಾತುಗಳನ್ನೆಲ್ಲ ಅಧ್ಯಾಪಕರೊಬ್ಬರ ಮುಂದೆ ಹೇಳಿದಾಗ ಅವರು ನಕ್ಕು, ‘ಏನಪ್ಪಾ, ಗೆರೆ ಎಂದ ಮೇಲೆ ಎಲ್ಲಿಯಾದರೂ ಎಳೆಯಲೇಬೇಕಲ್ಲ? ಎಲ್ಲಿ ಎಳೆದರೂ ಅದರ ಆಚೆ ಒಬ್ಬ ನಿಂತೇ ಇರುತ್ತಾನೆ’ ಎಂದರು. ಇನ್ನೊಬ್ಬರು, ‘ಗೆರೆ ಮೇಲೆ ಹೋದರೆ ಸಾಲು ಉದ್ದವಾಗುತ್ತದೆ, ಇರುವ ದುಡ್ಡು ಅಷ್ಟೆ. ಆಗ ತೀರ ಬಡವನ ಪಾಲೂ ತೆಳ್ಳಗಾಗುವುದಿಲ್ಲವೇ?’ ಎಂದು ಕೇಳಿದರು. ಎರಡೂ ತೂಕದ ಮಾತುಗಳೇ. ಮೊದಲನೆಯದಕ್ಕೆ ನನ್ನ ಉತ್ತರ: ಆಚೆ ನಿಂತವನಿಗೆ ಗೋಡೆಯ ಬದಲು ಇಳಿಜಾರು ಇರಲಿ ಎಂಬುದಷ್ಟೇ ನಾನು ಕೇಳುವುದು. ಎರಡನೆಯದಕ್ಕೆ: ೧೨ ಲಕ್ಷದವನ ತೆರಿಗೆಯನ್ನು ಬಿಟ್ಟುಕೊಡುವಾಗ ಬೊಕ್ಕಸದ ಚಿಂತೆ ಅಡ್ಡ ಬರಲಿಲ್ಲ. ಓದುವ ಮಕ್ಕಳ ಸರದಿ ಬಂದಾಗ ಮಾತ್ರ ಬೊಕ್ಕಸ ನೆನಪಾಗುವುದು ಸರಿಯಲ್ಲ. ತೀರ ಬಡವನ ಮೊತ್ತವನ್ನು ಮೊದಲು ಕಾಪಾಡಿ, ಉಳಿದವರಿಗೆ ಇಳಿಯುತ್ತ ಹೋಗುವಂತೆ ಮೆಟ್ಟಿಲು ಕಟ್ಟಿದರೆ ಯಾರ ಪಾಲೂ ತೆಳ್ಳಗಾಗಬೇಕಾಗಿಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸುತ್ತೇನೆ. ತೆರಿಗೆಯ ಗೆರೆ ಸರಿದಾಗಲೆಲ್ಲ ವಿದ್ಯಾವೇತನದ ಗೆರೆಯೂ ಅದೇ ಪ್ರಮಾಣದಲ್ಲಿ ಸರಿಯಬೇಕು. ಹಾಗೆಂದು ಕಾಯಿದೆಯಲ್ಲಿಯೇ ಬರೆದಿಡಬೇಕು. ಗೆರೆ ದಾಟಿದವನಿಗೆ ನೆರವು ಒಮ್ಮೆಗೇ ನಿಲ್ಲದೆ ಇಳಿಯುತ್ತ ಹೋಗಬೇಕು. ಬರವೆಂದು ಸಾರಿದ ತಾಲ್ಲೂಕಿನಲ್ಲಿ ಹಳೆಯ ಪ್ರಮಾಣಪತ್ರವನ್ನು ಹಿಡಿದು ಕೂರದೆ ಆ ವರ್ಷದ ಸ್ಥಿತಿಯನ್ನು ನೋಡಬೇಕು. ಓದಿನ ಖರ್ಚೆಂದರೆ ಬೋಧನಾ ಶುಲ್ಕ ಮಾತ್ರವಲ್ಲ, ಊಟ ವಸತಿ ಪ್ರಯಾಣವೂ ಹೌದೆಂದು ತೆರಿಗೆಯವರೂ ವಿದ್ಯಾವೇತನದವರೂ ಒಪ್ಪಬೇಕು.

ಇವೆಲ್ಲ ದೆಹಲಿ ಬೆಂಗಳೂರುಗಳಲ್ಲಿ ಆಗಬೇಕಾದ ಕೆಲಸಗಳು. ನಮ್ಮ ಕಾಲೇಜಿನ ಆವರಣದಲ್ಲಿಯೇ ಆಗಬಹುದಾದವೂ ಇವೆ. ಅರ್ಹರಾಗಿದ್ದೂ ಎಷ್ಟೋ ಮಂದಿಗೆ ಹಣ ಬಾರದಿರುವುದು ಸಣ್ಣ ಕಾರಣಗಳಿಂದ: ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ತಪ್ಪಾಗಿದೆ, ಕೊನೆಯ ದಿನ ಗೊತ್ತಿರಲಿಲ್ಲ. ಮೇಲೆ ಹೇಳಿದ ೪.೫ ಲಕ್ಷದ ಕೇಂದ್ರ ವಿದ್ಯಾವೇತನವನ್ನೇ ತೆಗೆದುಕೊಳ್ಳಿ. ಪಿ.ಯು.ಸಿ.ಯಲ್ಲಿ ತನ್ನ ವಿಭಾಗದ ಶೇಕಡ ೮೦ ಮಂದಿಗಿಂತ ಮೇಲಿರುವ, ಬೇರೆ ವಿದ್ಯಾವೇತನವಿಲ್ಲದ ವಿದ್ಯಾರ್ಥಿ ಅದಕ್ಕೆ ರಾಷ್ಟ್ರೀಯ ವಿದ್ಯಾವೇತನ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ದೇಶಕ್ಕೆಲ್ಲ ವರ್ಷಕ್ಕೆ ೮೨,೦೦೦ ಹೊಸ ವಿದ್ಯಾವೇತನಗಳು, ಅರ್ಧ ಹುಡುಗಿಯರಿಗೆ, ಪದವಿಯ ಮೂರು ವರ್ಷ ವರ್ಷಕ್ಕೆ ೧೨,೦೦೦ ರೂಪಾಯಿ. ಹೊಸದುರ್ಗದ ಆ ನನ್ನ ಸ್ನೇಹಿತನಂತಹವರಿಗೆ ಹೇಳಿ ಮಾಡಿಸಿದ ಯೋಜನೆ ಇದು. ನಮ್ಮ ತರಗತಿಯಲ್ಲಿ ಇದರ ಹೆಸರನ್ನು ಕೇಳಿದ್ದವರು ಇಬ್ಬರು! ಪ್ರತಿ ವರ್ಷ ಪ್ರವೇಶದ ತಿಂಗಳಲ್ಲಿ ಇಬ್ಬರು ಅಧ್ಯಾಪಕರೂ ಹತ್ತು ಮಂದಿ ಹಿರಿಯ ವಿದ್ಯಾರ್ಥಿಗಳೂ ಗ್ರಂಥಾಲಯದ ಒಂದು ಮೇಜಿನ ಮುಂದೆ ಕುಳಿತು ಹೊಸಬರ ಅರ್ಜಿಗಳನ್ನು ನೋಡಿಕೊಟ್ಟರೆ, ಸೈಬರ್ ಅಂಗಡಿಯ ದುಡ್ಡೂ ಉಳಿಯುತ್ತದೆ, ವರ್ಷದ ವಿದ್ಯಾವೇತನವೂ ಉಳಿಯುತ್ತದೆ. ವಿದ್ಯಾರ್ಥಿ ಸಂಘದವರು ಇದನ್ನು ಕೈಗೆತ್ತಿಕೊಳ್ಳುವುದಾದರೆ ಆ ಹತ್ತು ಮಂದಿಯಲ್ಲಿ ನಾನೊಬ್ಬ.

ಹಿರಿಯೂರಿನ ಸ್ನೇಹಿತರು ಮಾರಿಕಣಿವೆಯ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ೧೯೩೩ರಲ್ಲಿ ತುಂಬಿ ಹರಿದ ಜಲಾಶಯ ಮತ್ತೆ ಕೋಡಿ ಬೀಳುವುದಕ್ಕೆ ೨೦೨೨ರ ತನಕ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. ಮಳೆಯನ್ನು ಕಾಯದೆ ಉಪಾಯವಿಲ್ಲ; ಅದು ಮನುಷ್ಯನ ಕೈಯಲ್ಲಿಲ್ಲ. ವಿದ್ಯಾವೇತನದ ಗೆರೆ ಮನುಷ್ಯರು ಎಳೆದದ್ದು. ಅದನ್ನು ಸರಿಸುವುದಕ್ಕೆ ಮೋಡ ಕಟ್ಟಬೇಕಾಗಿಲ್ಲ. ಒಂದು ಆಜ್ಞೆ ಸಾಕು. ನಾವು ಪದವಿ ಪಡೆದು ಹೋಗುವುದರೊಳಗಾಗಿ ಅಲ್ಲದಿದ್ದರೂ, ನಮ್ಮ ಹಿಂದೆ ಬರುವ ತಮ್ಮ ತಂಗಿಯರು ಈ ಕಾಲೇಜಿನ ಮೆಟ್ಟಿಲು ಹತ್ತುವುದರೊಳಗಾಗಿಯಾದರೂ ಅದು ಸರಿಯಲಿ.